ಬೀಗ ಹಾಕಿಕೊಂಡು ಊರಿಗೆ ಬರುವ ಮುನ್ನ: ಹಿಮದ ನಾಡಿನ ಮನೆಗಳ ನಳಗಳ ಬಗ್ಗೆ

ಧಾರವಾಡದಲ್ಲಿ ಚಳಿಗಾಲವೆಂದರೆ ಬೆಳಗಿನ ಜಾವ ಉಷ್ಣತೆ 10–12 ಡಿಗ್ರಿಗೆ ಇಳಿಯುವ, ವಾಕಿಂಗಿಗೆ ಹೋಗುವವರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ, ಹಿಂಗಾರಿ ಜೋಳ ಮತ್ತು ಕಡಲೆಯ ಹೊಲಗಳಲ್ಲಿ ಇಬ್ಬನಿ ಬೀಳುವ ಕಾಲ. ಇಲ್ಲಿ ಯಾರ ಮನೆಯ ಪೈಪಿನಲ್ಲಿಯೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಈ ವಿಷಯದ ಬಗ್ಗೆ ಬರೆಯಲು ಕಾರಣವಿದೆ. ಮಾಳಮಡ್ಡಿ, ಸಪ್ತಾಪುರ, ವಿದ್ಯಾನಗರ, ಕೇಶ್ವಾಪುರಗಳಲ್ಲಿ ಮಗನೋ ಮಗಳೋ ಮಿನಿಯಾಪೊಲಿಸ್‌, ಚಿಕಾಗೊ, ಟೊರಾಂಟೊ, ಡಲ್ಲಾಸ್ ಅಥವಾ ಲಂಡನ್ನಿನಲ್ಲಿ ಸ್ವಂತ ಮನೆ ಕೊಂಡಿರುವ ಕುಟುಂಬಗಳು ಈಗ ಬಹಳ. ಧನುರ್ಮಾಸದಲ್ಲಿ ಇಲ್ಲಿ ಮದುವೆ ಮುಂಜಿಗಳು ನಡೆಯದಿದ್ದರೂ ಅವರಿಗೆ ಉದ್ದನೆಯ ರಜೆ ಸಿಗುವುದು ಕ್ರಿಸ್‌ಮಸ್ಸಿನ ಹೊತ್ತಿಗೇ ಆದ್ದರಿಂದ, ಡಿಸೆಂಬರ್ ಮಧ್ಯದಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಬಂದು, ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಸಿಕೊಂಡು ಹೋಗುವುದು ಅನೇಕರ ರೂಢಿ. ಅಲ್ಲಿ ಅತ್ಯಂತ ಕಡು ಚಳಿ ಬೀಳುವುದೂ, ಮನೆ ಜನರಿಲ್ಲದೆ ಖಾಲಿ ಇರುವುದೂ ಹೀಗೆ ಒಂದೇ ಕಾಲಕ್ಕೆ ಕೂಡಿಬರುತ್ತವೆ.

ಈ ಅವಳಿ ನಗರದಲ್ಲಿ ಮನೆ ಕಟ್ಟಿಸುವ, ಅದರ ನೀರಿನ ಪೈಪುಗಳ ನಕ್ಷೆ ಹಾಕುವ ಉದ್ಯೋಗದಲ್ಲಿಯೇ ವಯಸ್ಸು ಕಳೆದ ನಾನು, ಮಗಳ ಮನೆಯಿರುವ ಮಿನ್ನೆಸೋಟಾದಲ್ಲಿ ಒಂದು ಚಳಿಗಾಲವಿದ್ದು ಬಂದವನು. ಹೊರಗೆ ತಿರುಗಾಡುವಂತಿರಲಿಲ್ಲವಾದ್ದರಿಂದ ನೆಲಮಾಳಿಗೆಯಿಂದ ಅಟ್ಟದವರೆಗೆ ಆ ಮನೆಯ ಪೈಪುಗಳನ್ನು ನೋಡುವುದೇ ನನಗೆ ಕಾಲಕ್ಷೇಪವಾಗಿತ್ತು. ಅಂದಿನಿಂದ ಪರಿಚಯದವರು ಮಕ್ಕಳ ಮನೆಗೆ ಹೊರಡುವ ಮುನ್ನ ಅಥವಾ ಮಕ್ಕಳು ಊರಿಗೆ ಬಂದಾಗ ನನ್ನನ್ನು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಡುವುದು ಈ ಬರಹದ ಉದ್ದೇಶ.

ಪೈಪು ಹೇಗೆ ಒಡೆಯುತ್ತದೆ ಎಂಬುದು ಸರಿಯಾಗಿ ತಿಳಿದರೆ ಉಳಿದ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನೀರು ತಣ್ಣಗಾಗುತ್ತ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗುತ್ತದೆ, ಅದಕ್ಕಿಂತ ಕೆಳಗಿಳಿದರೆ ಹಿಗ್ಗತೊಡಗುತ್ತದೆ, ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚಿರುತ್ತದೆ. ಇಷ್ಟನ್ನು ಶಾಲೆಯಲ್ಲಿ ಓದಿದವರು ಸಾಮಾನ್ಯವಾಗಿ ಮಂಜುಗಡ್ಡೆಯು ತಾನಿರುವ ಜಾಗದಲ್ಲಿಯೇ ಪೈಪನ್ನು ಒಳಗಿನಿಂದ ಒತ್ತಿ ಸೀಳುತ್ತದೆಂದು ಭಾವಿಸುತ್ತಾರೆ. ನಡೆಯುವುದು ಬಹುತೇಕ ಬೇರೆ. ಗೋಡೆಯೊಳಗಿನ ಯಾವುದೋ ಒಂದು ತಣ್ಣನೆಯ ಜಾಗದಲ್ಲಿ ಮಂಜುಗಡ್ಡೆಯ ಬಿರಡೆ ಕಟ್ಟಿಕೊಂಡು, ಅದು ಪೈಪಿನ ಉದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಬಿರಡೆಯಿಂದ ಬೀದಿಯ ಕಡೆಗಿರುವ ನೀರಿಗೆ ಹಿಂದೆ ಸರಿಯಲು ದಾರಿಯಿದೆ. ಆದರೆ ಬಿರಡೆಗೂ ಬಿಗಿಯಾಗಿ ಮುಚ್ಚಿದ ನಳಕ್ಕೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ಎಲ್ಲಿಯೂ ಜಾಗವಿಲ್ಲ. ನೀರನ್ನು ಒತ್ತಿ ಕಿರಿದು ಮಾಡಲು ಹೆಚ್ಚುಕಡಿಮೆ ಸಾಧ್ಯವಿಲ್ಲವಾದ್ದರಿಂದ ಬಿರಡೆ ಸ್ವಲ್ಪ ಬೆಳೆದರೂ ಆ ತುಂಡಿನಲ್ಲಿ ಒತ್ತಡ ವಿಪರೀತ ಏರಿ, ಎಲ್ಬೋವೋ ಜಾಯಿಂಟೋ ಎಲ್ಲಿ ದುರ್ಬಲವೋ ಅಲ್ಲಿ ಪೈಪು ಬಿರಿಯುತ್ತದೆ. ಸಂಪೂರ್ಣ ಬಂಧಿಸಿದ ನೀರು ಮೈನಸ್ 22 ಡಿಗ್ರಿಯವರೆಗೆ ಹೆಪ್ಪುಗಟ್ಟುತ್ತ ಹೋದರೆ ಹುಟ್ಟಬಹುದಾದ ಒತ್ತಡ ಸುಮಾರು 2,000 ವಾಯುಭಾರದಷ್ಟು. ತಾಮ್ರವಾಗಲಿ ಪ್ಲಾಸ್ಟಿಕ್ಕಾಗಲಿ ಮನೆಯ ಯಾವ ಪೈಪೂ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಹೀಗಾಗಿ ಪೈಪು ಬಿರಿದ ಜಾಗ ಎಷ್ಟೋ ಸಲ ಮಂಜುಗಡ್ಡೆಯಿಂದ ಕೆಲವು ಅಡಿ ದೂರದಲ್ಲಿ, ಸಾಕಷ್ಟು ಬೆಚ್ಚಗಿರುವ ಕಡೆಯಲ್ಲಿಯೇ ಇರುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಚಳಿಯಿಂದ ನೀರನ್ನು ಕಾಯುವುದು ಎಷ್ಟು ಮುಖ್ಯವೋ ನೀರು ಸಿಕ್ಕಿಬೀಳದಂತೆ ದಾರಿ ಬಿಡುವುದೂ ಅಷ್ಟೇ ಮುಖ್ಯ. ಇನ್ನೊಂದು, ಪೈಪು ಬಿರಿದ ರಾತ್ರಿ ಮನೆಯವರಿಗೆ ಏನೂ ಗೊತ್ತಾಗದೆ ಹೋಗಬಹುದು. ಮಂಜುಗಡ್ಡೆಯೇ ಬಿರಡೆಯಾಗಿ ನಿಂತಿರುವಷ್ಟು ಹೊತ್ತು ನೀರು ಹೊರಬರುವುದಿಲ್ಲ. ಬಿಸಿಲು ಬಂದು ಅದು ಕರಗಿದ ಮೇಲೆಯೇ ಗೋಡೆಯೊಳಗಿನಿಂದ ನೀರು ನುಗ್ಗುತ್ತದೆ. ಅಷ್ಟರಲ್ಲಿ ಚಳಿಯ ಅಲೆ ಕಳೆಯಿತೆಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ.

ಎಷ್ಟು ಚಳಿಗೆ ಎಚ್ಚರಗೊಳ್ಳಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಎಲ್ಲರೂ ಬಳಸುವ ಅಂಕಿ 20 ಡಿಗ್ರಿ ಫ್ಯಾರನ್‌ಹೀಟ್‌, ಅಂದರೆ ಹೆಚ್ಚುಕಡಿಮೆ ಮೈನಸ್ 7 ಡಿಗ್ರಿ ಸೆಲ್ಸಿಯಸ್. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ, ಬಿಸಿಮಾಡದ ಅಟ್ಟದಲ್ಲಿ ಹೊದಿಕೆಯಿಲ್ಲದ ಪೈಪುಗಳನ್ನು ಇಟ್ಟು ಪರೀಕ್ಷಿಸಿ ಕಂಡುಕೊಂಡ ಮಿತಿ ಇದು. ಸೊನ್ನೆ ಡಿಗ್ರಿಗೇ ಪೈಪು ಹೆಪ್ಪುಗಟ್ಟದಿರಲು ಕಾರಣ, ನೀರು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದ ಮೇಲೂ ಸ್ವಲ್ಪ ಹೊತ್ತು ದ್ರವವಾಗಿಯೇ ಇರಬಲ್ಲದು ಮತ್ತು ಮನೆಯ ಬಿಸುಪು ಸ್ವಲ್ಪವಾದರೂ ಗೋಡೆಯೊಳಗೆ ಸೇರುತ್ತಿರುತ್ತದೆ. ಆದರೆ ಕೇಬಲ್ಲು ಅಥವಾ ಟೆಲಿಫೋನ್ ತಂತಿ ಒಳಗೆ ತರಲು ಗೋಡೆಗೆ ಕೊರೆದ ಒಂದು ತೂತಿನಿಂದ ಹೊರಗಿನ ಗಾಳಿ ನೇರವಾಗಿ ಪೈಪಿಗೆ ಬೀಸುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಗಾಳಿಯಿಂದಾಗಿ ಪೈಪು ಹೊರಗಿನ ಹವೆಗಿಂತ ಹೆಚ್ಚು ತಣ್ಣಗಾಗದು, ನಿಜ. ಆದರೆ ಅಷ್ಟೇ ತಂಪಿಗೆ ಬಹಳ ಬೇಗ ಬಂದು ಮುಟ್ಟುತ್ತದೆ. ಆದ್ದರಿಂದ ಚಳಿಗಾಲಕ್ಕೆ ಮೊದಲು ಮಾಡಬೇಕಾದ ಅತ್ಯಂತ ಅಗ್ಗದ ಕೆಲಸವೆಂದರೆ, ಗಾಳಿಯಿರುವ ದಿನ ನೆಲಮಾಳಿಗೆಯ ಗೋಡೆಯ ಮೇಲ್ತುದಿಯಲ್ಲಿ, ಸಿಂಕಿನ ಕೆಳಗೆ, ಪೈಪು ಗೋಡೆಯನ್ನು ಹೊಕ್ಕ ಜಾಗಗಳಲ್ಲಿ ಕೈಯಿಟ್ಟು ನೋಡಿ, ತಣ್ಣನೆಯ ಗಾಳಿ ತಾಗುವ ಪ್ರತಿ ಸಂದಿಯನ್ನೂ ಸೀಲಂಟ್ ಅಥವಾ ಫೋಮಿನಿಂದ ಮುಚ್ಚುವುದು.

ಅತ್ಯಂತ ಚಳಿಯಿರುವ ಊರಿನಲ್ಲಿಯೇ ಅತ್ಯಂತ ಹೆಚ್ಚು ಪೈಪುಗಳು ಒಡೆಯುತ್ತವೆಂದು ತಿಳಿದರೆ ಅದು ತಪ್ಪಾಗುತ್ತದೆ. ಮಿನ್ನೆಸೋಟಾದಲ್ಲಿ ಉಷ್ಣತೆ ಮೈನಸ್ 20ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ಆದರೆ ಅಲ್ಲಿನ ಕಟ್ಟಡ ನಿಯಮಗಳು ಆ ಚಳಿಯನ್ನು ಎದುರಿಗಿಟ್ಟುಕೊಂಡೇ ರೂಪುಗೊಂಡಿವೆ. ನೆಲ ಹೆಪ್ಪುಗಟ್ಟುವ ಆಳವನ್ನು ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು, ದಕ್ಷಿಣ ಭಾಗದಲ್ಲಿ 42 ಇಂಚು ಎಂದು ಹಿಡಿದು ಅಡಿಪಾಯ ಹಾಕುತ್ತಾರೆ, ಬೀದಿಯ ನೀರಿನ ಕೊಳವೆಯನ್ನು ಅದಕ್ಕಿಂತಲೂ ಆಳದಲ್ಲಿ ಹೂಳುತ್ತಾರೆ, ಮನೆಯೊಳಗಿನ ಪೈಪುಗಳನ್ನು ಸಾಧ್ಯವಾದಷ್ಟು ಒಳಗೋಡೆಗಳಲ್ಲಿ ಏರಿಸುತ್ತಾರೆ. ಟೆಕ್ಸಸ್ಸಿನ ಮನೆಗಳು ಬೇಸಿಗೆಗೆ ಕಟ್ಟಿದವು. ಅಲ್ಲಿ ನೆಲಮಾಳಿಗೆ ಅಪರೂಪ, ಪೈಪುಗಳು ಅಟ್ಟದ ಮೇಲೂ ಹೊರಗೋಡೆಗಳಲ್ಲೂ ಹಾಯ್ದುಹೋಗುವುದು ಸಾಮಾನ್ಯ. 2021ರ ಫೆಬ್ರುವರಿಯಲ್ಲಿ ಡಲ್ಲಾಸಿನ ಉಷ್ಣತೆ ಮೈನಸ್ 19 ಡಿಗ್ರಿಗೆ ಇಳಿದು, ಅದೇ ಹೊತ್ತಿಗೆ 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳಿಗೆ ವಿದ್ಯುತ್ ಹೋದಾಗ, ಮನೆಯ ಬಿಸಿಯೂ ಇಲ್ಲ, ಪೈಪಿಗೆ ಹೊದಿಕೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ರಾಜ್ಯದಾದ್ಯಂತ ಪೈಪುಗಳು ಬಿರಿದು ಛಾವಣಿಗಳಿಂದ ನೀರು ಸುರಿಯಿತು. ಆದ್ದರಿಂದ ಮಕ್ಕಳು ಡಲ್ಲಾಸ್, ಆಸ್ಟಿನ್ ಅಥವಾ ಅಟ್ಲಾಂಟಾದಲ್ಲಿದ್ದಾರೆ, ಅಲ್ಲಿ ನಮ್ಮ ಹಾಗೆಯೇ ಬಿಸಿಲು ಎಂದು ಸಮಾಧಾನಪಟ್ಟುಕೊಳ್ಳುವವರು ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ನಮ್ಮ ಮನೆಗಳ ರಚನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದವರಿಗೆ ಅಲ್ಲಿನ ನಷ್ಟದ ಪ್ರಮಾಣ ಅಂದಾಜಿಗೆ ಬರುವುದಿಲ್ಲ. ಹುಬ್ಬಳ್ಳಿಯ ಮನೆಯೊಂದರಲ್ಲಿ ನೀರು ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ಹೊರಗೋಡೆಯ ಮೇಲೆ ಬಿಸಿಲಿಗೇ ತೆರೆದುಕೊಂಡಿರುವ ಪೈಪುಗಳಲ್ಲಿ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವೆಂಬ ಲೆಕ್ಕದಲ್ಲಿ, ಎರಡಂತಸ್ತಿನ ಮನೆಯ ಕೆಳಗಿನ ನಳದಲ್ಲಿಯೂ ಒತ್ತಡ ಮುಕ್ಕಾಲು ಕಿಲೋದ ಆಸುಪಾಸು. ಪೈಪು ಒಡೆದರೂ ಸಾವಿರ ಲೀಟರಿನ ಟ್ಯಾಂಕು ಖಾಲಿಯಾದಲ್ಲಿಗೆ ಸೋರಿಕೆ ನಿಲ್ಲುತ್ತದೆ, ಗೋಡೆ ಇಟ್ಟಿಗೆ ಸಿಮೆಂಟಿನದಾದ್ದರಿಂದ ಒಣಗುತ್ತದೆ. ಅಮೆರಿಕದ ಮನೆಗೆ ಬೀದಿಯ ಕೊಳವೆಯಿಂದಲೇ ಚದರ ಸೆಂಟಿಮೀಟರಿಗೆ ಮೂರರಿಂದ ಐದೂವರೆ ಕಿಲೋದಷ್ಟು ಒತ್ತಡದಲ್ಲಿ ಹಗಲೂ ರಾತ್ರಿ ನೀರು ನಿಂತಿರುತ್ತದೆ, ಮಧ್ಯದಲ್ಲಿ ಖಾಲಿಯಾಗುವ ಟ್ಯಾಂಕೇ ಇಲ್ಲ. ಇಂಚಿನ ಎಂಟನೆಯ ಒಂದು ಭಾಗದಷ್ಟು ಬಿರುಕಿನಿಂದ ದಿನಕ್ಕೆ 250 ಗ್ಯಾಲನ್, ಅಂದರೆ ಸುಮಾರು 950 ಲೀಟರ್ ನೀರು ಹೋಗಬಹುದೆಂಬುದು ಅಲ್ಲಿನ ವಿಮಾ ವಲಯದಲ್ಲಿ ಪ್ರಚಲಿತವಾಗಿರುವ ಲೆಕ್ಕ. ನಮ್ಮ ಒಂದು ಸಿಂಟೆಕ್ಸ್ ಟ್ಯಾಂಕು ಪ್ರತಿದಿನ, ಕಟ್ಟಿಗೆಯ ಚೌಕಟ್ಟು ಮತ್ತು ಜಿಪ್ಸಂ ಹಲಗೆಯ ಗೋಡೆಗಳ ಒಳಗೆ ಬರಿದಾಗುತ್ತಿದ್ದರೆ, ಊರಿಂದ ಮರಳುವ ಹೊತ್ತಿಗೆ ಆ ಮನೆಯಲ್ಲಿ ಏನುಳಿದಿರುತ್ತದೆಂದು ಯಾರಾದರೂ ಊಹಿಸಬಹುದು.

ಪೈಪಿಗೆ ಹೊದಿಕೆ ಹಾಕಿದ್ದೇವೆ, ಇನ್ನೇನು ಭಯ ಎನ್ನುವವರಿಗೆ ಒಂದು ಮಾತು ಹೇಳಬೇಕು. ಅಂಗಡಿಯಲ್ಲಿ ಸಿಗುವ, ಉದ್ದಕ್ಕೂ ಸೀಳಿರುವ ಫೋಮಿನ ಹೊದಿಕೆ ನಮ್ಮ ಕೌದಿಯ ಹಾಗೆ: ಬಿಸಿಯಿರುವ ಮೈಯ ಬಿಸಿಯನ್ನು ಅದು ಹಿಡಿದಿಡುತ್ತದೆ, ಕಲ್ಲಿಗೆ ಹೊದಿಸಿದರೆ ಕಲ್ಲು ಬೆಚ್ಚಗಾಗುವುದಿಲ್ಲ. ಆಗಾಗ ನೀರು ಹರಿಯುವ ಪೈಪಿನಲ್ಲಿ ಹೊದಿಕೆಯಿಂದ ರಾತ್ರಿ ಕಳೆಯುವಷ್ಟು ಸಮಯ ಸಿಗುತ್ತದೆ; ಆದರೆ ಬಿಸಿಯಿಲ್ಲದ ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಂತ ನೀರು ಎಷ್ಟು ದಪ್ಪ ಹೊದಿಕೆಯೊಳಗಿದ್ದರೂ ಕೊನೆಗೆ ಹೊರಗಿನ ಹವೆಯ ಮಟ್ಟಕ್ಕೇ ಇಳಿಯುತ್ತದೆ. ಅಂಥ ಜಾಗಗಳಿಗೆಂದೇ ಥರ್ಮೋಸ್ಟಾಟ್ (ಉಷ್ಣತೆಯನ್ನು ಬೇಕಾದ ಮಟ್ಟಕ್ಕೆ ಹಿಡಿದಿಡುವ ಸಾಧನ) ಇರುವ, ವಿದ್ಯುತ್ತಿನಿಂದ ಬಿಸಿಯಾಗುವ ಕೇಬಲ್ಲುಗಳಿವೆ. ಅವುಗಳನ್ನು ತಯಾರಕರ ಸೂಚನೆಯಂತೆಯೇ ಕಟ್ಟಬೇಕು. ಒಂದರ ಮೇಲೊಂದು ಸುತ್ತಲು ಅನುಮತಿಯಿಲ್ಲದ ಮಾದರಿಯನ್ನು ಹಾಗೆ ಸುತ್ತಿದರೆ ಬೆಂಕಿ ಹತ್ತುವ ಅಪಾಯವಿದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ತಾಮ್ರಕ್ಕಿಂತ ಸ್ವಲ್ಪ ಹಿಗ್ಗಿಕೊಡುವುದರಿಂದ ಬಿರಿಯುವ ಸಂಭವ ಕಡಿಮೆ, ಆದರೆ ಅದರ ಜೋಡಣೆಗಳಿಗೆ ಆ ಗುಣವಿಲ್ಲ.

ಇನ್ನು ನಳವನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವ ವಿಚಾರ. ಚಳಿ ತೀವ್ರವಾಗುವ ರಾತ್ರಿ, ಹೊರಗೋಡೆಯಲ್ಲಿರುವ ಮತ್ತು ನೀರು ಮನೆಯೊಳಗೆ ಬರುವ ಜಾಗದಿಂದ ಅತಿ ದೂರವಿರುವ ನಳಗಳನ್ನು, ತಣ್ಣೀರು ಬಿಸಿನೀರು ಎರಡನ್ನೂ, ತೆಳುವಾಗಿ ಹರಿಯುವಂತೆ ಬಿಡುವುದು ಅಲ್ಲಿನವರ ಹಳೆಯ ಉಪಾಯ. ಹರಿಯುವ ನೀರು ನೆಲದಾಳದ ಅಲ್ಪ ಬಿಸಿಯನ್ನು ಪೈಪಿನೊಳಗೆ ತರುತ್ತದೆ ಎಂಬುದು ಇದರ ಒಂದು ಪ್ರಯೋಜನ. ಅದಕ್ಕಿಂತ ದೊಡ್ಡ ಪ್ರಯೋಜನವೆಂದರೆ, ಎಲ್ಲಾದರೂ ಮಂಜುಗಡ್ಡೆಯ ಬಿರಡೆ ಕಟ್ಟಿದರೂ ತೆರೆದ ನಳದ ಮೂಲಕ ಒತ್ತಡ ಹೊರಬೀಳುತ್ತದೆ. ನೀರು ನಿಂತುಹೋಗಬಹುದು, ಪೈಪು ಉಳಿಯುತ್ತದೆ. ನಾನು ಇದನ್ನು ವಿವರಿಸುತ್ತಿದ್ದಾಗ ಗೆಳೆಯರೊಬ್ಬರು, “ಅಲ್ರೀ, ಬಿಸಿನೀರಿನ ನಳಕ್ಕ ಏನ ಧಾಡಿ?” ಎಂದು ಕೇಳಿದ್ದರು. ಬಿಸಿನೀರಿನ ಪೈಪಿನಲ್ಲಿ ನೀರು ಬಿಸಿಯಿರುವುದು ಬಳಸುವಾಗ ಮಾತ್ರ. ರಾತ್ರಿ ಹನ್ನೊಂದಕ್ಕೆ ಕೊನೆಯ ಪಾತ್ರೆ ತೊಳೆದ ಮೇಲೆ ಅದೂ ಗೋಡೆಯೊಳಗೆ ನಿಂತ ತಣ್ಣೀರೇ.

ಈ ಉಪಾಯ ನಮ್ಮವರ ಕೈಯಲ್ಲಿ ನಿಲ್ಲುವುದು ಕಷ್ಟ. ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಬರುವ ನೀರಿಗಾಗಿ ಹುಬ್ಬಳ್ಳಿ–ಧಾರವಾಡದ ಎಷ್ಟೋ ಓಣಿಗಳ ಜನ ದಿನಗಟ್ಟಲೆ ಕಾದು, ನಳ ಬಂದ ರಾತ್ರಿ ಎದ್ದು ಕುಳಿತು, ಕೊಡದಿಂದ ಹಿಡಿದು ತಂಬಿಗೆಯವರೆಗೆ ತುಂಬಿಟ್ಟುಕೊಂಡು ಬೆಳೆದವರು. ಗದಗಿನ ಬೇಸಿಗೆಯನ್ನು ಕಂಡವರಿಗಂತೂ ಹೇಳುವುದೇ ಬೇಡ. ಚಿಕಾಗೊದಲ್ಲಿ ಮಗನ ಮನೆಗೆ ಹೋಗಿದ್ದ ನಮ್ಮ ಓಣಿಯ ವೈನಿಯವರೊಬ್ಬರು, ಅವನು ಮಲಗುವ ಮುಂಚೆ ತೊಟ್ಟಿಕ್ಕಲು ಬಿಟ್ಟ ನಳಗಳನ್ನು ಅವನು ಮಲಗಿದ ಮೇಲೆ ಎದ್ದು ಬಿಗಿಯಾಗಿ ಬಂದ್ ಮಾಡಿ ಬರುತ್ತಿದ್ದರಂತೆ. “ನೀರು ಹಿಂಗ ಸೋರೂದ ನೋಡ್ಕೋತ ಹ್ಯಾಂಗ ನಿದ್ದಿ ಬರಬೇಕ್ರಿ?” ಎಂದು ಅವರು ನನ್ನನ್ನೇ ಕೇಳಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ನನ್ನ ಕೈಯೂ ಮಗಳ ಮನೆಯಲ್ಲಿ ನಳದ ಕಡೆಗೆ ಹೋಗುತ್ತಿತ್ತು. ಕೆಳಗೊಂದು ಪಾತ್ರೆಯಿಟ್ಟು, ಆ ನೀರನ್ನು ಬೆಳಿಗ್ಗೆ ಗಿಡಗಳಿಗೋ ಪಾಯಖಾನೆಗೋ ಬಳಸಿದರೆ ನೀರೂ ಉಳಿಯುತ್ತದೆ, ಮನಸ್ಸಿಗೂ ನೆಮ್ಮದಿ. ಪ್ರತಿ ರಾತ್ರಿ ಹೀಗೆ ಬಿಡುವ ಅಗತ್ಯವೂ ಇಲ್ಲ. ಹೊರಗೆ ಮೈನಸ್ 7ಕ್ಕಿಂತ ಕೆಳಗಿಳಿಯುವ ರಾತ್ರಿಗಳಲ್ಲಿ, ಅದೂ ಅಪಾಯದ ಜಾಗದಲ್ಲಿರುವ ನಳಗಳಿಗೆ ಮಾತ್ರ ಸಾಕು.

ನಮ್ಮ ಇನ್ನೊಂದು ಅಭ್ಯಾಸ, ಮಲಗುವಾಗ ಎಲ್ಲ ಬಾಗಿಲು ಮುಚ್ಚುವುದು ಮತ್ತು ಬೇಡದ ಉಪಕರಣ ಆರಿಸುವುದು. ಅಲ್ಲಿ ಕಡು ಚಳಿಯ ರಾತ್ರಿ ಅಡುಗೆಮನೆಯ ಮತ್ತು ಬಚ್ಚಲಿನ ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಡಬೇಕು, ಕೋಣೆಯ ಬಿಸಿಗಾಳಿ ಪೈಪಿಗೆ ತಲುಪಲಿ ಎಂದು. ಮೊಮ್ಮಕ್ಕಳಿರುವ ಮನೆಯಾದರೆ ಅಲ್ಲಿಟ್ಟಿರುವ ಫಿನೈಲು, ಸಾಬೂನಿನ ದ್ರಾವಣಗಳನ್ನು ಮೊದಲು ಎತ್ತಿಡಬೇಕು. ಬಿಲ್ಲು ಉಳಿಸಲು ರಾತ್ರಿ ಥರ್ಮೋಸ್ಟಾಟನ್ನು ಕೆಳಗಿಳಿಸುವುದು ಬೇರೆ ದಿನಗಳಲ್ಲಿ ಸರಿ, ಚಳಿಯ ಅಲೆಯಿರುವ ದಿನಗಳಲ್ಲಿ ಹಗಲು ರಾತ್ರಿ ಒಂದೇ ಮಟ್ಟ ಇರಲಿ. ಪೈಪು ಹಾಯ್ದಿರುವ ಗ್ಯಾರೇಜಿನ ಬಾಗಿಲು ಮಾತ್ರ ಮುಚ್ಚಿರಲಿ.

ಹಿತ್ತಲಿನ ನಳದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರ ರಚನೆ ನನಗೆ ಬಹಳ ಮೆಚ್ಚುಗೆಯಾಯಿತು. ಚಳಿ ಪ್ರದೇಶಗಳ ಹೊಸ ಮನೆಗಳಲ್ಲಿ ಹೊರಗಿನ ನಳದ ಹಿಡಿಕೆ ಹೊರಗೋಡೆಯ ಮೇಲಿದ್ದರೂ ನೀರನ್ನು ತಡೆಯುವ ವಾಷರು ಉದ್ದನೆಯ ದಂಡದ ತುದಿಯಲ್ಲಿ, ಗೋಡೆಯನ್ನು ದಾಟಿ ಬೆಚ್ಚನೆಯ ಒಳಭಾಗದಲ್ಲಿ ಇರುತ್ತದೆ. ಹೊರಗೆ ನಿಂತು ಬಂದ್ ಮಾಡಿದರೆ ನೀರು ಒಳಗೇ ನಿಲ್ಲುತ್ತದೆ, ಮುಂದಿನ ತುಂಡಿನಲ್ಲಿ ಉಳಿದ ನೀರು ಇಳಿಜಾರಿನಿಂದ ತಾನಾಗಿ ಹೊರಗೆ ಬಸಿದುಹೋಗುತ್ತದೆ. ಆದರೆ ಗಿಡಗಳಿಗೆ ನೀರುಣಿಸುವ ರಬ್ಬರ್ ಪೈಪನ್ನು ಅದಕ್ಕೆ ಸಿಕ್ಕಿಸಿಯೇ ಬಿಟ್ಟರೆ ಆ ನೀರು ಬಸಿಯಲು ದಾರಿಯಿಲ್ಲದೆ ಅಲ್ಲಿಯೇ ಹೆಪ್ಪುಗಟ್ಟಿ, ಗೋಡೆಯೊಳಗಿನ ನಳಿಕೆಯನ್ನು ಸೀಳುತ್ತದೆ. ಹೊರಗಿನ ನಳ ಬಂದ್ ಇರುವಷ್ಟು ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವಸಂತದಲ್ಲಿ ಮೊದಲ ಸಲ ಗಿಡಗಳಿಗೆ ನೀರು ಬಿಟ್ಟಾಗ ನೆಲಮಾಳಿಗೆಯಲ್ಲಿ ನೀರು ಇಳಿಯತೊಡಗುತ್ತದೆ. ಅಕ್ಟೋಬರಿನಲ್ಲಿಯೇ ರಬ್ಬರ್ ಪೈಪನ್ನು ಬಿಚ್ಚಿ ಒಳಗಿಟ್ಟರೆ ಸಾಕು. ಹಳೆಯ ಮಾದರಿಯ ನಳವಿದ್ದರೆ, ಒಳಗಿನ ಪ್ರತ್ಯೇಕ ವಾಲ್ವನ್ನು ಮುಚ್ಚಿ, ಹೊರಗಿನ ನಳವನ್ನು ತೆರೆದು ನೀರು ಬಸಿದು, ಚಳಿಗಾಲವಿಡೀ ತೆರೆದೇ ಬಿಡಬೇಕು.

ಇಂಗ್ಲೆಂಡಿನಲ್ಲಿರುವವರಿಗೆ ಎರಡು ವಿಶೇಷ ಸಂಗತಿಗಳಿವೆ. ಅಲ್ಲಿನ ಹಳೆಯ ಮನೆಗಳ ಅಟ್ಟದಲ್ಲಿ ನಮ್ಮ ಹಾಗೆಯೇ ತಣ್ಣೀರಿನ ಟ್ಯಾಂಕು ಇರುತ್ತದೆ. ಅದರ ಬದಿಗಳಿಗೂ ಮುಚ್ಚಳಕ್ಕೂ ಹೊದಿಕೆ ಹಾಕಬೇಕು, ತಳದ ಕೆಳಗೆ ಮಾತ್ರ ಹಾಕಬಾರದು. ಕೆಳಗಿನ ಕೋಣೆಯಿಂದ ಏರಿಬರುವ ಬಿಸಿಯೇ ಟ್ಯಾಂಕನ್ನು ಕಾಯುವುದು. ಇನ್ನೊಂದು, ಮನೆಯನ್ನು ಬಿಸಿಮಾಡುವ ಈಗಿನ ಗ್ಯಾಸ್ ಬಾಯ್ಲರುಗಳಿಂದ ಹೊರಗೆ ನೀರು ತೊಟ್ಟಿಕ್ಕಿಸುವ ಸಪೂರ ಪ್ಲಾಸ್ಟಿಕ್ ಪೈಪು. ಅದು ಹೆಪ್ಪುಗಟ್ಟಿದರೆ ಬಾಯ್ಲರು ತನ್ನಷ್ಟಕ್ಕೆ ನಿಂತುಬಿಡುತ್ತದೆ. ಬಾಯ್ಲರು ಕೆಟ್ಟಿದೆಯೆಂದು ಗಾಬರಿಯಾಗುವ ಮುನ್ನ ಹೊರಗಿನ ಆ ಪೈಪಿನ ಮೇಲೆ ಕುದಿಯದ, ಬೆಚ್ಚನೆಯ ನೀರು ಹೊಯ್ದು ನೋಡಬೇಕು.

ನಮ್ಮ ದೇಶದಲ್ಲಿಯೇ ಕಾಶ್ಮೀರ, ಲಡಾಖ್‌ಗಳಲ್ಲಿ ಇದು ವರ್ಷವರ್ಷದ ಮಾತು. ಡಿಸೆಂಬರ್ 21ರಿಂದ 40 ದಿನಗಳ ಚಿಲ್ಲೈ ಕಲಾನ್ ಎಂಬ ಕಡು ಚಳಿಯ ಅವಧಿಯಲ್ಲಿ ಶ್ರೀನಗರದ ನಳಗಳು ಬೆಳಿಗ್ಗೆ ಕಟ್ಟಿಕೊಳ್ಳುವುದು ಸಾಮಾನ್ಯ. 2021ರ ಜನವರಿಯಲ್ಲಿ ಅಲ್ಲಿ ಮೈನಸ್ 8.4 ಡಿಗ್ರಿ ದಾಖಲಾಗಿತ್ತು. ಮನೆಯನ್ನೆಲ್ಲ ಬಿಸಿಮಾಡುವ ವ್ಯವಸ್ಥೆ ಇಲ್ಲದ ಕಡೆ ರಾತ್ರಿ ಮುಖ್ಯ ವಾಲ್ವ್ ಮುಚ್ಚಿ ಪೈಪನ್ನು ಬರಿದು ಮಾಡುವುದೇ ಎಲ್ಲಕ್ಕಿಂತ ಭರವಸೆಯ ಮಾರ್ಗ.

ಇಷ್ಟೆಲ್ಲ ಮಾಡಿಯೂ ಒಂದು ಬೆಳಿಗ್ಗೆ ನಳದಲ್ಲಿ ನೀರು ಬಾರದಿದ್ದರೆ ಅಥವಾ ದಾರದಂತೆ ಸಣ್ಣಗೆ ಬಂದರೆ, ಮೊದಲು ಆ ನಳವನ್ನು ತೆರೆದಿಡಬೇಕು, ಮುಖ್ಯ ವಾಲ್ವ್ ಎಲ್ಲಿದೆಯೆಂದು ನೋಡಿಕೊಳ್ಳಬೇಕು, ಅನಂತರ ನಳದ ತುದಿಯಿಂದ ಹಿಂದಕ್ಕೆ ಪೈಪನ್ನು ಬಿಸಿಮಾಡುತ್ತ ಹೋಗಬೇಕು. ಮಧ್ಯದಿಂದ ಆರಂಭಿಸಿದರೆ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಸಿಕ್ಕಿಬೀಳುತ್ತದೆ. ಹೇರ್ ಡ್ರೈಯರ್ ಅಥವಾ ಬಿಸಿನೀರಿನಲ್ಲಿ ಅದ್ದಿದ ಟವೆಲ್ ಸಾಕು. ನೆಲದ ಮೇಲೆ ನೀರು ನಿಂತಿದ್ದರೆ ವಿದ್ಯುತ್ ಉಪಕರಣ ಮುಟ್ಟಬಾರದು. ಬೆಂಕಿಯ ಜ್ವಾಲೆಯನ್ನು ಪೈಪಿನ ಹತ್ತಿರ ತರಬಾರದು, ಕಟ್ಟಿಗೆಯ ಮನೆಗೇ ಬೆಂಕಿ ಹತ್ತಿದ ಪ್ರಸಂಗಗಳಿವೆ. ನಮ್ಮಲ್ಲಿ ಚಳಿಗೆ ಸಿಗಡಿ ಹಚ್ಚಿಕೊಂಡು ಕೂರುವ ರೂಢಿಯಿರುವುದರಿಂದ ಇದನ್ನೂ ಹೇಳಬೇಕು: ಗಾಳಿಯಾಡದಂತೆ ಮುಚ್ಚಿದ ಅಲ್ಲಿನ ಮನೆಯೊಳಗೆ ಇದ್ದಿಲ ಒಲೆಯಾಗಲಿ ಜನರೇಟರಾಗಲಿ ಕಾರ್ಬನ್ ಮಾನಾಕ್ಸೈಡಿನಿಂದ ಜೀವ ತೆಗೆಯುತ್ತದೆ. 2021ರಲ್ಲಿ ಟೆಕ್ಸಸ್ಸಿನಲ್ಲಿ ಹಾಗೆ ಸತ್ತವರಿದ್ದಾರೆ.

ಈಗ ಬೀಗ ಹಾಕಿಕೊಂಡು ಬರುವ ಮನೆಯ ವಿಚಾರ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮನೆಯ ಬಿಸಿಯನ್ನು ಆರಿಸಬಾರದು, ನೀರನ್ನು ಮಾತ್ರ ಆರಿಸಬೇಕು. ಒಂದು ತಿಂಗಳ ಗ್ಯಾಸಿನ ಬಿಲ್ಲು ಉಳಿಯಲೆಂದು ಹೀಟಿಂಗನ್ನು ಪೂರ್ತಿ ಬಂದ್ ಮಾಡುವುದು ನಮ್ಮವರಿಗೆ ಸಹಜವಾಗಿ ಹೊಳೆಯುವ ಯೋಚನೆ. ಆದರೆ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗಿಳಿಸಬಾರದೆಂಬುದು ಅಲ್ಲಿನ ಸಾರ್ವತ್ರಿಕ ಸಲಹೆ. ಅಮೆರಿಕದ ಸಾಮಾನ್ಯ ಗೃಹವಿಮೆಯ ಕರಾರುಗಳಲ್ಲಿಯೂ, ಮನೆಯನ್ನು ಬೆಚ್ಚಗಿಡಲು ಅಥವಾ ನೀರನ್ನು ಬಂದ್ ಮಾಡಿ ಬಸಿಯಲು ಮಾಲೀಕರು ಕ್ರಮ ತೆಗೆದುಕೊಳ್ಳದಿದ್ದರೆ ಹೆಪ್ಪುಗಟ್ಟಿ ಒಡೆದ ಪೈಪಿನ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಅರ್ಥದ ಷರತ್ತು ಇರುತ್ತದೆ. ಹೊರಡುವ ಮುನ್ನ ತಮ್ಮ ಕರಾರು ಪತ್ರದ ಆ ಪುಟವನ್ನು ಓದಿಕೊಳ್ಳುವುದು ಒಳ್ಳೆಯದು.

ನೀರನ್ನು ಬಂದ್ ಮಾಡುವ ಮುಖ್ಯ ವಾಲ್ವ್ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಮೀಟರಿನ ಪಕ್ಕದಲ್ಲಿರುತ್ತದೆ. ಹಿಡಿಕೆಯಿರುವ ಬಾಲ್ ವಾಲ್ವಾದರೆ, ಹಿಡಿಕೆ ಪೈಪಿನ ಗುಂಟ ಇದ್ದಾಗ ತೆರೆದಿದೆ, ಅಡ್ಡ ಇದ್ದಾಗ ಮುಚ್ಚಿದೆ. ವರ್ಷಗಟ್ಟಲೆ ಮುಟ್ಟದ ಚಕ್ರದ ಗೇಟ್ ವಾಲ್ವು ಹುಬ್ಬಳ್ಳಿಯಲ್ಲಿ ಹೇಗೆ ಜಾಮಾಗುತ್ತದೆಯೋ ಅಲ್ಲಿಯೂ ಹಾಗೆಯೇ, ಆದ್ದರಿಂದ ವಿಮಾನದ ದಿನಕ್ಕಿಂತ ಕೆಲವು ವಾರ ಮೊದಲೇ ತಿರುಗಿಸಿ ನೋಡಿ, ಕೆಲಸ ಮಾಡದಿದ್ದರೆ ಪ್ಲಂಬರನನ್ನು ಕರೆಸಬೇಕು. ಮುಖ್ಯ ವಾಲ್ವ್ ಮುಚ್ಚಿದ ಮೇಲೆ ಮೇಲಿನ ಅಂತಸ್ತಿನ ನಳಗಳನ್ನೂ ಅತಿ ಕೆಳಗಿನ ನಳವನ್ನೂ ತೆರೆದು, ನೀರು ಹರಿದು ನಿಲ್ಲುವವರೆಗೆ ಕಾದು, ಫ್ಲಶ್ ಮಾಡಿ ಸಿಸ್ಟರ್ನುಗಳನ್ನು ಖಾಲಿ ಮಾಡಬೇಕು. ಇದರಿಂದ ಪೈಪಿನ ಕೊನೆಯ ಹನಿಯೂ ಬಸಿದುಹೋಗುವುದಿಲ್ಲವಾದರೂ, ಉಳಿದ ನೀರಿಗೆ ಹಿಗ್ಗಲು ಜಾಗ ಸಿಗುತ್ತದೆ ಮತ್ತು ಒಂದು ಪೈಪು ಒಡೆದರೂ ಹೊರಬರುವುದು ಬಕೆಟ್ಟಿನ ಲೆಕ್ಕದ ನೀರು ಮಾತ್ರ. ಬಿಸಿನೀರಿನ ದೊಡ್ಡ ಟ್ಯಾಂಕಿನಲ್ಲಿ ನೀರು ತುಂಬಿದ್ದರೆ ಹಾಗೆಯೇ ಇರಲಿ. ಗ್ಯಾಸಿನದಾದರೆ ರಜೆಯ ಗುರುತಿರುವ ಕಡಿಮೆ ಮಟ್ಟಕ್ಕೆ ತಿರುಗಿಸಬೇಕು, ವಿದ್ಯುತ್ತಿನದಾದರೆ ಅದರ ಸ್ವಿಚ್ಚು ಆರಿಸಬೇಕು. ಫ್ರಿಜ್ಜಿನ ಐಸ್ ತಯಾರಿಸುವ ಭಾಗಕ್ಕೂ ನೀರು ನಿಲ್ಲುವುದರಿಂದ ಅದನ್ನೂ ಆರಿಸಿಡಬೇಕು. ಅಗ್ನಿಶಾಮಕ ಸ್ಪ್ರಿಂಕ್ಲರ್ ಇರುವ ಕಟ್ಟಡದಲ್ಲಿ ಆ ಸಾಲಿನ ವಾಲ್ವನ್ನು ಮುಟ್ಟಬಾರದು, ಮತ್ತು ಬಿಸಿನೀರಿನ ರೇಡಿಯೇಟರುಗಳಿಂದ ಮನೆ ಬಿಸಿಯಾಗುತ್ತಿದ್ದರೆ ಮುಖ್ಯ ವಾಲ್ವ್ ಮುಚ್ಚುವುದರಿಂದ ಬಾಯ್ಲರಿಗೆ ತೊಂದರೆಯಿಲ್ಲವೇ ಎಂದು ತಿಳಿದವರನ್ನು ಕೇಳಿಯೇ ಮುಂದುವರಿಯಬೇಕು.

ಫೋನಿನಲ್ಲಿಯೇ ಮನೆಯ ಉಷ್ಣತೆ ತೋರಿಸುವ ಥರ್ಮೋಸ್ಟಾಟು, ನೆಲದ ಮೇಲೆ ನೀರು ಕಂಡರೆ ಕೂಗುವ ಸೆನ್ಸರು, ಸೋರಿಕೆ ಕಂಡಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್ ಎಲ್ಲವೂ ಈಗ ಸಿಗುತ್ತವೆ, ಹಾಕಿಸಿಕೊಳ್ಳಬಹುದು. ಆದರೆ ವಿದ್ಯುತ್ ಅಥವಾ ವೈಫೈ ಹೋದಾಗ ಅವುಗಳಲ್ಲಿ ಹೆಚ್ಚಿನವು ಸುಮ್ಮನಾಗುತ್ತವೆ, ಮನೆಗೆ ಚಳಿ ಹೊಗುವುದೂ ಆಗಲೇ. ಮನೆಯ ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು, ಮುಖ್ಯ ವಾಲ್ವ್ ತೋರಿಸಿ, ವಾರಕ್ಕೆರಡು ಸಲವಾದರೂ ಒಳಗೆ ಹೋಗಿ ನೋಡಲು ಹೇಳಿಬರುವುದನ್ನು ಯಾವ ಯಂತ್ರವೂ ಸರಿಗಟ್ಟದು. ಅವರಿಗೆ ಕೊಡಲು ಧಾರವಾಡದಿಂದ ಒಂದು ಡಬ್ಬಿ ಪೇಢೆ ಒಯ್ದರೆ ಮುಂದಿನ ವರ್ಷವೂ ಬೇಸರವಿಲ್ಲದೆ ನೋಡಿಕೊಳ್ಳುತ್ತಾರೆ.

ಮರಳಿ ಹೋದ ದಿನ ದಣಿವಿನಲ್ಲಿ ಮುಖ್ಯ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆಯಬಾರದು. ಮೇಲಿನ ಅಂತಸ್ತಿನ ಒಂದು ನಳವನ್ನು ಗಾಳಿ ಹೊರಹೋಗಲೆಂದು ತೆರೆದಿಟ್ಟು ಉಳಿದ ನಳಗಳನ್ನೆಲ್ಲ ಮುಚ್ಚಿ, ವಾಲ್ವನ್ನು ಕಾಲುಭಾಗ ತೆರೆದು, ಒಬ್ಬರು ವಾಲ್ವಿನ ಬಳಿಯೇ ನಿಂತಿದ್ದು ಇನ್ನೊಬ್ಬರು ಮನೆಯೆಲ್ಲ ಸುತ್ತಾಡಿ, ಗೋಡೆಗಳಲ್ಲಿ ಸುಯ್ಯೆನ್ನುವ ಸದ್ದು ಅಥವಾ ಛಾವಣಿಯಲ್ಲಿ ತೇವದ ಕಲೆ ಇದೆಯೇ ಎಂದು ನೋಡಬೇಕು. ಎಲ್ಲಿಯೂ ಸೋರಿಕೆಯಿಲ್ಲವೆಂದು ಖಚಿತವಾದ ಮೇಲೆ ವಾಲ್ವನ್ನು ಪೂರ್ತಿ ತೆರೆದು, ಬಿಸಿನೀರಿನ ನಳದಲ್ಲಿ ಗಾಳಿಯ ಬುಸುಗುಟ್ಟುವಿಕೆ ನಿಂತು ನೀರು ಸರಾಗವಾಗಿ ಬರುವವರೆಗೆ ಕಾಯಬೇಕು. ವಿದ್ಯುತ್ತಿನ ವಾಟರ್ ಹೀಟರಿನ ಸ್ವಿಚ್ಚು ಹಾಕಬೇಕಾದದ್ದು ಅದಾದ ಮೇಲೆಯೇ, ಏಕೆಂದರೆ ಟ್ಯಾಂಕು ತುಂಬುವ ಮೊದಲು ಹಾಕಿದರೆ ಒಳಗಿನ ಕಾಯಿಲು ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.